ಗಾಡಿ ನಿಂತಲ್ಲೇ ನಡುಗುತ್ತಿದ್ದರೆ: ಏರ್‌ಫ್ಲೋ ಸೆನ್ಸರ್ ಬದಲಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಮೂರು ವರ್ಷದ ಹಿಂದಿನ ಏಪ್ರಿಲ್. ಕಲಬುರಗಿಯ ಜಗತ್ ವೃತ್ತದಲ್ಲಿ ಗಾಡಿ ನಿಲ್ಲಿಸಿದಾಗ ಸ್ಟಿಯರಿಂಗ್ ಹಿಡಿದ ಬೆರಳಿಗೆ ಮೊದಲ ಬಾರಿ ಆ ನಡುಕ ತಾಗಿತು. 750ರಲ್ಲಿ ನಿಲ್ಲಬೇಕಾದ ಆರ್‌ಪಿಎಂ ಮುಳ್ಳು 500ಕ್ಕೆ ಜಾರುತ್ತಿತ್ತು, ಎಂಜಿನ್ ಇನ್ನೇನು ಆರಿಹೋಯಿತು ಎನ್ನುವಷ್ಟರಲ್ಲಿ ಒಮ್ಮೆಲೇ 900ಕ್ಕೆ ಏರುತ್ತಿತ್ತು. ಎಸಿ ಹಾಕಿದರೆ ಕನ್ನಡಿಯಲ್ಲಿ ಕಾಣುವ ಹಿಂದಿನ ಆಟೊ ಕೂಡ ಅಲುಗಾಡುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಹೋಗಲಿಲ್ಲ. ಎಂಜಿನ್ ಒಳಗೆ ಗಾಳಿ ಬಿಡುವ ಕವಾಟ, ಅಂದರೆ ಥ್ರಾಟಲ್ ಬಾಡಿ ತೊಳೆದರು. ಹೋಗಲಿಲ್ಲ. ಮೂರನೆಯ ಸಲ ಸ್ಕ್ಯಾನರ್ ಹಚ್ಚಿ, ಮಿಶ್ರಣ ತೆಳುವಾಗಿದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ) ಎಂದು ತೋರಿಸುತ್ತಿದೆ, ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಹೋಗಿದೆ ಎಂದು ಹೊಸದನ್ನು ಕೂರಿಸಿದರು. ಎಂಜಿನ್ ದೀಪ ಆರಿತು. ಎರಡು ದಿನಕ್ಕೆ ಮತ್ತೆ ಹೊತ್ತಿತು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಕೊಳವೆಯ ಅಡಿಗೆ ಕೈ ಹಾಕಿದೆ. ಮಡಿಕೆಗಳ ಸಂದಿಯಲ್ಲಿ ಎರಡು ಇಂಚಿನ ಸೀಳು. ಮೇಲಿನಿಂದ ನೋಡಿದರೆ ಕೊಳವೆ ಹೊಸದರಂತಿತ್ತು. ಬಗ್ಗಿಸಿದರೆ ಮಾತ್ರ ಸೀಳು ಬಾಯಿ ತೆರೆಯುತ್ತಿತ್ತು. ಎಂಜಿನ್ ಅಲುಗಿದಾಗಲೆಲ್ಲ ಅದು ತೆರೆದುಕೊಂಡು, ಮುಚ್ಚಿಕೊಂಡು, ಒಳಗೆ ಗಾಳಿ ಎಳೆಯುತ್ತಿತ್ತು.

ಹಳೆಯ ಸೆನ್ಸರ್ ಕೆಟ್ಟೇ ಇರಲಿಲ್ಲ. ಅದನ್ನೇ ಮರಳಿ ಹಾಕಿದ್ದೇನೆ, ಇವತ್ತಿಗೂ ಕೆಲಸ ಮಾಡುತ್ತಿದೆ. ಹೊಸ ಸೆನ್ಸರ್‌ಗೆ ಕೊಟ್ಟ ಸಾವಿರಾರು ರೂಪಾಯಿಯ ಎದುರು ಕೊಳವೆಯ ಬೆಲೆ ಏನೂ ಅಲ್ಲ. ಆ ಸೆನ್ಸರ್ ಸತ್ಯವನ್ನೇ ಹೇಳುತ್ತಿತ್ತು, ಕೇಳಿಸಿಕೊಳ್ಳುವ ಕ್ರಮ ಯಾರಿಗೂ ಗೊತ್ತಿರಲಿಲ್ಲ ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚಿನದನ್ನು ಮನೆಯಂಗಳದಲ್ಲೇ ಮಾಡಬಹುದು.

ಗಂಜಿನ ಕಾಂಟಾ

ಏರ್‌ಫ್ಲೋ ಸೆನ್ಸರ್ ಎಂದರೆ ತೊಗರಿ ಗಂಜಿನ (ಸಗಟು ಮಾರುಕಟ್ಟೆಯ) ಬಾಗಿಲಲ್ಲಿ ಇಟ್ಟ ತೂಕದ ಕಾಂಟಾ ಎಂದುಕೊಳ್ಳಿ. ಒಳಗೆ ಹೋಗುವ ಪ್ರತಿ ಚೀಲ ಅದರ ಮೇಲೆ ಹಾದುಹೋಗಬೇಕು, ಒಳಗಿನ ಗುಮಾಸ್ತ ಆ ತೂಕ ನೋಡಿಯೇ ಲೆಕ್ಕ ಬರೆಯಬೇಕು. ಇಲ್ಲಿ ಚೀಲವೆಂದರೆ ಗಾಳಿ, ಗುಮಾಸ್ತನೆಂದರೆ ಎಂಜಿನ್ ಕಂಪ್ಯೂಟರ್. ಸೆನ್ಸರಿನೊಳಗೆ ಕೂದಲಿನಷ್ಟು ತೆಳ್ಳನೆಯ ಪ್ಲಾಟಿನಂ ತಂತಿ ಅಥವಾ ಪದರ ಇರುತ್ತದೆ. ವಿದ್ಯುತ್ ಹರಿಸಿ ಅದನ್ನು ಸುತ್ತಲಿನ ಗಾಳಿಗಿಂತ ನಿರ್ದಿಷ್ಟ ಪ್ರಮಾಣದಷ್ಟು ಬಿಸಿಯಾಗಿ ಇಡಲಾಗುತ್ತದೆ. ಗಾಳಿ ಹಾದಾಗ ತಂತಿ ತಣ್ಣಗಾಗುತ್ತದೆ, ಅದೇ ಬಿಸಿಯಲ್ಲಿ ಉಳಿಸಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಎಷ್ಟು ಹೆಚ್ಚು ಬೇಕಾಯಿತು ಎನ್ನುವುದೇ ಗಾಳಿಯ ತೂಕ. ಕಂಪ್ಯೂಟರ್ ಸುಮಾರು 14.7 ಗ್ರಾಂ ಗಾಳಿಗೆ ಒಂದು ಗ್ರಾಂನಂತೆ ಪೆಟ್ರೋಲ್ ಸಿಂಪಡಿಸುತ್ತದೆ.

ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಆಕ್ಸಿಜನ್ ಸೆನ್ಸರ್ ಕುಳಿತಿರುತ್ತದೆ. ಲೆಕ್ಕ ಸರಿಯಾಯಿತೇ ಎಂದು ನೋಡುವುದು ಅದರ ಕೆಲಸ. ಉರಿದ ಮೇಲೆ ಆಮ್ಲಜನಕ ಹೆಚ್ಚು ಉಳಿದಿದ್ದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ಕಡಿಮೆ ಉಳಿದಿದ್ದರೆ ತಗ್ಗಿಸುತ್ತದೆ. ಈ ಹೆಚ್ಚು-ಕಡಿಮೆಗೆ ಫ್ಯೂಯೆಲ್ ಟ್ರಿಮ್ ಎಂದು ಹೆಸರು, ಸ್ಕ್ಯಾನರಿನಲ್ಲಿ ಶೇಕಡಾವಾರು ಕಾಣುತ್ತದೆ: ಪ್ಲಸ್ ಎಂದರೆ ಪೆಟ್ರೋಲ್ ಹೆಚ್ಚಿಸುತ್ತಿದೆ, ಮೈನಸ್ ಎಂದರೆ ತಗ್ಗಿಸುತ್ತಿದೆ. ಮುಂದೆ ಬರುವುದೆಲ್ಲ ಈ ಒಂದು ಅಂಕಿಯ ಸುತ್ತಲೇ ತಿರುಗುತ್ತದೆ.

ಲೆಕ್ಕ ತಪ್ಪಲು ಎರಡು ದಾರಿಗಳಿವೆ. ಕಾಂಟಾ ತಾನೇ ಸುಳ್ಳು ತೂಕ ತೋರಿಸಬಹುದು. ಅಥವಾ ಕಾಂಟಾ ಸರಿ ಇದ್ದು, ಹಿಂಬದಿಯ ಗೋಡೆ ಹಾರಿಸಿ ಯಾರೋ ಚೀಲಗಳನ್ನು ಒಳಗೆ ಸಾಗಿಸುತ್ತಿರಬಹುದು. ಗುಮಾಸ್ತನ ಪುಸ್ತಕದಲ್ಲಿ ಎರಡೂ ಒಂದೇ ರೀತಿಯ ತಪ್ಪಾಗಿ ಕಾಣುತ್ತವೆ. ನನ್ನ ಗಾಡಿಯಲ್ಲಿ ಆದದ್ದು ಎರಡನೆಯದು, ಬದಲಾದದ್ದು ಕಾಂಟಾ.

ನಿಮ್ಮ ಗಾಡಿಯಲ್ಲಿ ಆ ಸೆನ್ಸರ್ ಇದೆಯೇ?

ನಮ್ಮಲ್ಲಿ ಓಡುವ ಬಹಳಷ್ಟು ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಏರ್‌ಫ್ಲೋ ಸೆನ್ಸರ್ ಇರುವುದೇ ಇಲ್ಲ. ಅವುಗಳಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ಗಾಳಿಯನ್ನು ತೂಗುವುದಿಲ್ಲ, ಥ್ರಾಟಲ್ ದಾಟಿದ ಮೇಲೆ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿನೊಳಗೆ ಎಷ್ಟು ಒತ್ತಡವಿದೆ ಎಂದು ಅಳೆಯುತ್ತದೆ. ಗಾಳಿಯ ಪ್ರಮಾಣವನ್ನು ಕಂಪ್ಯೂಟರ್ ಅದರಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಗುರುತಿಸುವುದು ಸುಲಭ. ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಕೊಳವೆಯ ಮೇಲೆ ಎರಡು ಸ್ಕ್ರೂ ಹಾಕಿ ಕೂರಿಸಿದ, ನಾಲ್ಕೈದು ತಂತಿಯ ಪ್ಲಗ್ ಇರುವ ಪ್ಲಾಸ್ಟಿಕ್ ಭಾಗವಿದ್ದರೆ ಅದು ಏರ್‌ಫ್ಲೋ ಸೆನ್ಸರ್. ಅಲ್ಲಿ ಏನೂ ಇಲ್ಲದೆ, ಮ್ಯಾನಿಫೋಲ್ಡಿನ ಮೇಲೆಯೇ ಮೂರು ಅಥವಾ ನಾಲ್ಕು ತಂತಿಯ ಪುಟ್ಟ ಸೆನ್ಸರ್ ಇದ್ದರೆ ಅದು ಮ್ಯಾಪ್. ಕೆಲವು ಗಾಡಿಗಳಲ್ಲಿ ಎರಡೂ ಇರುತ್ತವೆ.

ಮ್ಯಾಪ್ ಗಾಡಿಯವರು ನಮ್ಮ ಊರಿನ ಎತ್ತರವನ್ನು ನೆನಪಿಡಬೇಕು. ಕೀ ತಿರುಗಿಸಿ ಎಂಜಿನ್ ಚಾಲೂ ಮಾಡದೆ ನೋಡಿದರೆ ಮ್ಯಾಪ್ ಸೆನ್ಸರ್ ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೊಪಾಸ್ಕಲ್. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 95–96 ಬಂದರೆ ಸರಿ. ಬೀದರ್ ಇನ್ನೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ, ಅಲ್ಲಿ 93ರ ಆಸುಪಾಸು ಬಂದರೂ ಸೆನ್ಸರ್ ಕೆಟ್ಟಿಲ್ಲ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಓಡುತ್ತ ನಿಂತಾಗ 28ರಿಂದ 40ರ ನಡುವೆ ಇರಬೇಕು. ಇನ್ನೊಂದು ವ್ಯತ್ಯಾಸ: ಮ್ಯಾಪ್ ಗಾಡಿಯಲ್ಲಿ ಕಳ್ಳಗಾಳಿ (ಸೀಳಿನಿಂದ ನುಗ್ಗುವ ಗಾಳಿ) ಒಳಹೊಕ್ಕರೆ ಒತ್ತಡವೂ ಏರುವುದರಿಂದ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಕೊಟ್ಟುಬಿಡುತ್ತದೆ. ಹಾಗಾಗಿ ಅಲ್ಲಿ ಎಂಜಿನ್ ನಡುಗುವುದಕ್ಕಿಂತ ಐಡಲ್ ವೇಗವೇ ಏರಿ ಕೂರುವುದು ಹೆಚ್ಚು.

ಡೀಸೆಲ್ ಗಾಡಿಗಳಲ್ಲಿ ಏರ್‌ಫ್ಲೋ ಸೆನ್ಸರ್ ಸಾಮಾನ್ಯ. ಆದರೆ ಅಲ್ಲಿ ಅದರ ಮುಖ್ಯ ಕೆಲಸ ಇಜಿಆರ್ ಹೊಗೆಯ, ಅಂದರೆ ಎಂಜಿನ್‌ಗೆ ಮರಳಿ ಬಿಡುವ ಹೊಗೆಯ ಪ್ರಮಾಣ ನಿಯಂತ್ರಿಸುವುದು ಮತ್ತು ಕಪ್ಪು ಹೊಗೆ ತಡೆಯುವುದು. ಕೆಟ್ಟರೆ ಪಿಕಪ್ ಸಾಯುತ್ತದೆ, ಹೊಗೆ ಬರುತ್ತದೆ. ಐಡಲ್ ನಡುಕಕ್ಕೆ ಡೀಸೆಲ್‌ನಲ್ಲಿ ಮೊದಲು ಇಂಜೆಕ್ಟರ್ ಮತ್ತು ಇಜಿಆರ್ ವಾಲ್ವ್ ನೋಡಿ. ಇನ್ನು ಮುಂದೆ ಬರೆಯುವುದು ಏರ್‌ಫ್ಲೋ ಸೆನ್ಸರ್ ಇರುವ ಪೆಟ್ರೋಲ್ ಗಾಡಿಯ ಬಗ್ಗೆ.

ಕೈಯಲ್ಲಿ ಏನಿರಬೇಕು

ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಓದುವ, ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಒಬಿಡಿ ಸ್ಕ್ಯಾನರ್, ಡಿಜಿಟಲ್ ಮಲ್ಟಿಮೀಟರ್, ಎರಡು ತೆಳ್ಳನೆಯ ಗುಂಡುಸೂಜಿ, ಸ್ಕ್ರೂಡ್ರೈವರ್, ಟಾರ್ಚ್, ನೀರು ಸಿಂಪಡಿಸುವ ಬಾಟಲಿ. ಏರ್‌ಫ್ಲೋ ಸೆನ್ಸರ್ ತೊಳೆಯುವ ಸ್ಪ್ರೇಯನ್ನು ಈಗಲೇ ಕೊಳ್ಳಬೇಡಿ, ಬೇಕೇ ಬೇಕು ಎನ್ನುವುದು ಖಚಿತವಾಗಲಿ. 2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಒಬಿಡಿ ಎರಡನೆಯ ಹಂತ ಕಡ್ಡಾಯವಾಗಿರುವುದರಿಂದ ಅಗ್ಗದ ಸ್ಕ್ಯಾನರೂ ಬೇಕಾದ ಅಂಕಿಗಳನ್ನು ಓದುತ್ತದೆ.

ಬಯಲಲ್ಲಿ ಕೆಲಸ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ: ನಮ್ಮ ಬಿಸಿಲಿಗೆ ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಲು ತೊಡಗುತ್ತದೆ.

ಮೊದಲ ಹಂತ: ಐದು ನಿಮಿಷ ಸುಮ್ಮನೆ ಕೇಳಿ

ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾದು, ಎಸಿ ಆರಿಸಿ, ಆರ್‌ಪಿಎಂ ಮುಳ್ಳು ನೋಡುತ್ತ ಕೂರಿ. ಮುಳ್ಳು ಅಲುಗದೆ ಮೈ ಮಾತ್ರ ನಡುಗುತ್ತಿದ್ದರೆ ಎಂಜಿನ್ ಮೌಂಟಿನ ರಬ್ಬರ್ ಸವೆದಿರಬಹುದು. ಅದು ಗಾಳಿಯ ವಿಷಯವೇ ಅಲ್ಲ. ಮುಳ್ಳು ನಿಧಾನವಾಗಿ ಏರಿಳಿಯುತ್ತಿದ್ದರೆ ಗಾಳಿಯ ಲೆಕ್ಕ ತಪ್ಪಿದೆ ಎನ್ನುವ ಗುಮಾನಿ ಬಲವಾಗುತ್ತದೆ. ನಿಯಮಿತವಾಗಿ ಧಕ್, ಧಕ್ ಎಂದು ಒದೆಯುತ್ತಿದ್ದರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ. ಸೈಲೆನ್ಸರ್ ಬಾಯಿಯ ಮುಂದೆ ಒಂದು ತುಂಡು ಕಾಗದ ಹಿಡಿದರೆ ಇದು ಸ್ಪಷ್ಟವಾಗುತ್ತದೆ. ಆರೋಗ್ಯವಂತ ಎಂಜಿನ್ ಕಾಗದವನ್ನು ಒಂದೇ ಸಮನೆ ತಳ್ಳುತ್ತದೆ. ಒಂದು ಸಿಲಿಂಡರ್ ಸತ್ತಿದ್ದರೆ ಲಯ ತಪ್ಪದೆ ಮಧ್ಯೆ ಮಧ್ಯೆ ಹಿಂದಕ್ಕೆ ಬೀಳುತ್ತದೆ.

ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ನಡುಗಿ, ಬಿಸಿಯಾದ ಮೇಲೆ ಸರಿಹೋಗುತ್ತದೆಯೇ? ಬಿಸಿಯಾದ ಮೇಲಷ್ಟೇ ಶುರುವಾಗುತ್ತದೆಯೇ? ಎಸಿ ಹಾಕಿದಾಗ ಮಾತ್ರವೇ? ಬರೆದಿಟ್ಟುಕೊಳ್ಳಿ. ಗ್ಯಾರೇಜಿಗೆ ಹೋಗುವುದೇ ಆದರೂ ಈ ಮೂರು ಉತ್ತರಗಳು ಮಿಸ್ತ್ರಿಯ ಅರ್ಧ ದಿನ ಉಳಿಸುತ್ತವೆ.

ಎರಡನೆಯ ಹಂತ: ಬ್ಯಾಟರಿ ಮುಟ್ಟುವ ಮೊದಲು ಸ್ಕ್ಯಾನ್

ಬ್ಯಾಟರಿ ತಂತಿ ಕಿತ್ತು ಹಾಕಿದರೆ ಸರಿಹೋಗುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಚಲಾವಣೆಯಲ್ಲಿದೆ. ಹಾಗೆ ಮಾಡಿದರೆ ಕಂಪ್ಯೂಟರ್ ವಾರಗಟ್ಟಲೆ ಕಲಿತು ಬರೆದಿಟ್ಟ ಟ್ರಿಮ್ ಅಂಕಿ, ಹಲವು ಗಾಡಿಗಳಲ್ಲಿ ದೋಷಸಂಕೇತವೂ ಅಳಿಸಿಹೋಗುತ್ತವೆ. ಸಾಕ್ಷ್ಯವನ್ನು ನಾವೇ ನಾಶ ಮಾಡಿದಂತೆ. ಮೊದಲು ಸ್ಕ್ಯಾನರ್ ಹಚ್ಚಿ ಎಲ್ಲ ಸಂಕೇತಗಳ ಫೋಟೊ ತೆಗೆದುಕೊಳ್ಳಿ. ದೋಷ ದಾಖಲಾದ ಕ್ಷಣದ ವೇಗ, ಬಿಸಿ, ಆರ್‌ಪಿಎಂಗಳ ಚಿತ್ರವನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ, ಅದನ್ನೂ ತೆಗೆಯಿರಿ.

ಪಿ0171 ಎಂದರೆ ಮಿಶ್ರಣ ತೆಳುವಾಗಿದೆ, ಪಿ0172 ಎಂದರೆ ದಟ್ಟವಾಗಿದೆ. ಪಿ0300 ಯಾವುದೋ ಸಿಲಿಂಡರ್ ಉರಿ ತಪ್ಪುತ್ತಿದೆ ಎನ್ನುತ್ತದೆ, ಪಿ0301ರಿಂದ ಪಿ0304 ನಿರ್ದಿಷ್ಟ ಸಿಲಿಂಡರನ್ನೇ ಹೆಸರಿಸುತ್ತವೆ. ಪಿ0100ರಿಂದ ಪಿ0104 ಏರ್‌ಫ್ಲೋ ಸೆನ್ಸರ್ ಸರ್ಕ್ಯೂಟಿನವು: ಇವುಗಳಲ್ಲಿ ಪಿ0102 ಸಂಕೇತ ತೀರಾ ಕಡಿಮೆ ಬರುತ್ತಿದೆ ಎಂದರ್ಥ, ತಂತಿ ಕಡಿದಿರುವ ಸಾಧ್ಯತೆ ಮೊದಲು ನೋಡಬೇಕು. ಪಿ0171 ಬಂದ ಕೂಡಲೇ ಸೆನ್ಸರ್ ಕೆಟ್ಟಿದೆ ಎನ್ನುವುದು ಜ್ವರ ಬಂದ ಕೂಡಲೇ ಮಲೇರಿಯಾ ಎಂದಂತೆ.

ಮೂರನೆಯ ಹಂತ: ಗಾಳಿ ಬರುವ ದಾರಿಯನ್ನು ಕೈಯಿಂದ ಸವರಿ ನೋಡಿ

ಈ ಹಂತಕ್ಕೆ ಸಮಯ ಕೊಡಿ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳ ಗಾಳಿ ಎಂಜಿನ್‌ಗೆ ಸುಲಭದ ಗಾಳಿಯಲ್ಲ. ಶಹಾಬಾದ್ ಕಲ್ಲಿನ ಗಣಿಗಳ ಪುಡಿ, ವಾಡಿ, ಸೇಡಂ ಕಡೆಯ ಸಿಮೆಂಟ್ ದೂಳು, ಬೇಸಿಗೆಯ ಎರೆಮಣ್ಣಿನ ದೂಳು, ಸುಗ್ಗಿಯಲ್ಲಿ ತೊಗರಿ ಬಡಿಯುವಾಗ ಹಾರುವ ಹೊಟ್ಟು. ಇವೆಲ್ಲ ಫಿಲ್ಟರಿನ ಮೇಲೆ ಪದರ ಕಟ್ಟುತ್ತವೆ. ಮೇ ತಿಂಗಳಲ್ಲಿ 43 ಡಿಗ್ರಿ ಹೊರಗಿದ್ದರೆ ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ರಬ್ಬರ್ ಒಣಗಿ ಬಿರುಕು ಬಿಡುತ್ತದೆ.

ಫಿಲ್ಟರ್ ಡಬ್ಬಿ ತೆಗೆಯಿರಿ. ಹೊಲದ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿ ಗೂಡು ಕಟ್ಟಿರುವುದು ಅಪರೂಪವಲ್ಲ. ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಗಾಳಿಯಿಂದ ಊದಿಸಿದ ಕಾಗದದ ಫಿಲ್ಟರ್‌ನಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅದನ್ನು ಎಸೆಯಿರಿ, ಆ ತೂತುಗಳಿಂದಲೇ ದೂಳು ಸೆನ್ಸರಿನ ತಂತಿಗೆ ಬಡಿಯುತ್ತದೆ. ಡಬ್ಬಿ ಮುಚ್ಚುವಾಗ ಎಲ್ಲ ಕ್ಲಿಪ್ಪುಗಳೂ ಕೂತಿವೆಯೇ ನೋಡಿ. ಒಂದು ಕ್ಲಿಪ್ ಮುರಿದರೂ ಗಾಳಿ ಫಿಲ್ಟರ್ ತಪ್ಪಿಸಿ ಒಳನುಗ್ಗುತ್ತದೆ. ಎಣ್ಣೆ ಸವರಿ ಮತ್ತೆ ಬಳಸುವ ಹತ್ತಿಯ ಫಿಲ್ಟರ್ ಹಾಕಿದ್ದರೆ, ಹೆಚ್ಚಾದ ಎಣ್ಣೆ ಹಾರಿ ತಂತಿಗೆ ಅಂಟಿರಬಹುದು.

ಈಗ ಸೆನ್ಸರಿನಿಂದ ಥ್ರಾಟಲ್‌ವರೆಗಿನ ರಬ್ಬರ್ ಕೊಳವೆ. ಕಣ್ಣಿನಿಂದ ನೋಡಿ ಸುಮ್ಮನಾಗಬೇಡಿ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕ್ಲಾಂಪ್ ಸಡಿಲಿಸಿ ಕೊಳವೆಯನ್ನು ಹೊರಗೆ ತೆಗೆದು, ಪ್ರತಿ ಮಡಿಕೆಯನ್ನೂ ಅಗಲಿಸಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಅಡಿಭಾಗವೇ ಮೊದಲು ಸೀಳುವುದು, ಎಂಜಿನ್ ಅಲುಗಾಟದ ಜಗ್ಗಾಟವೆಲ್ಲ ಅಲ್ಲೇ ಬೀಳುತ್ತದೆ. ಅದಾದ ಮೇಲೆ ಬ್ರೇಕ್ ಬೂಸ್ಟರಿನ ದಪ್ಪ ಕೊಳವೆ, ಪಿಸಿವಿ ವಾಲ್ವಿನ (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಎಳೆಯುವ) ಕೊಳವೆ, ಪರ್ಜ್ ವಾಲ್ವಿನ (ಟ್ಯಾಂಕಿನ ಪೆಟ್ರೋಲ್ ಆವಿ ತರುವ) ತೆಳ್ಳನೆಯ ಕೊಳವೆ. ಎಣ್ಣೆಯ ಡಿಪ್‌ಸ್ಟಿಕ್ ಸರಿಯಾಗಿ ಕೂರದಿದ್ದರೂ, ಎಣ್ಣೆ ಮುಚ್ಚಳದ ರಬ್ಬರ್ ಹೋಗಿದ್ದರೂ ಈ ಗಾಡಿಗಳಲ್ಲಿ ಕಳ್ಳಗಾಳಿ ಒಳಹೋಗುತ್ತದೆ ಎನ್ನುವುದು ಹಲವರಿಗೆ ಗೊತ್ತಿಲ್ಲ.

ಸೀಳು ಕಾಣದಿದ್ದರೆ ಎಂಜಿನ್ ಚಾಲೂ ಮಾಡಿ, ಒಂದೊಂದೇ ರಬ್ಬರ್ ಕೊಳವೆಯನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಎಂಜಿನ್ ಸದ್ದು ಸಮವಾಗುತ್ತದೋ ಆ ಕೊಳವೆಯ ಕಡೆ ತೊಂದರೆಯಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೆ ನೀರನ್ನು ಸಣ್ಣಗೆ ಸಿಂಪಡಿಸಿ. ಸೀಳಿದ್ದರೆ ನೀರು ಕ್ಷಣಕಾಲ ಅದನ್ನು ಮುಚ್ಚಿ ಐಡಲ್ ಬದಲಾಗುತ್ತದೆ. ಇಗ್ನಿಷನ್ ಕಾಯಿಲ್ ಮತ್ತು ತಂತಿಗಳ ಪ್ಲಗ್ ಮೇಲೆ ನೀರು ಬೀಳದಿರಲಿ. ಕೆಲವರು ಇದೇ ಪರೀಕ್ಷೆಯನ್ನು ಪೆಟ್ರೋಲ್ ಅಥವಾ ಕಾರ್ಬ್ಯುರೇಟರ್ ಸ್ಪ್ರೇ ಬಳಸಿ ಮಾಡುತ್ತಾರೆ. ಬಿಸಿ ಎಂಜಿನ್ ಮೇಲೆ ಅದನ್ನು ದಯವಿಟ್ಟು ಮಾಡಬೇಡಿ, ಒಂದು ಕಿಡಿ ಸಾಕು. ದೊಡ್ಡ ಗ್ಯಾರೇಜುಗಳಲ್ಲಿ ಹೊಗೆ ಬಿಟ್ಟು ನೋಡುವ ಯಂತ್ರವಿರುತ್ತದೆ, ಸಿಕ್ಕರೆ ಅದಕ್ಕಿಂತ ಖಚಿತವಾದದ್ದಿಲ್ಲ.

ನಾಲ್ಕನೆಯ ಹಂತ: ಕಿಡಿ ಸರಿ ಇದೆಯೇ

ಇದನ್ನು ಬೇಗ ಮುಗಿಸಬಹುದು. ಪಿ0302 ಬಂದಿದ್ದರೆ, ಎಂಜಿನ್ ಆರಿಸಿ ಎರಡನೆಯ ಸಿಲಿಂಡರಿನ ಕಾಯಿಲನ್ನು (ಕಿಡಿಗೆ ವಿದ್ಯುತ್ ಕೊಡುವ ಭಾಗ) ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ ಓಡಿಸಿ. ಸಂಕೇತ ಪಿ0303ಕ್ಕೆ ಜಿಗಿದರೆ ಕಾಯಿಲ್ ಕೆಟ್ಟಿದೆ. ಜಿಗಿಯದಿದ್ದರೆ ಸ್ಪಾರ್ಕ್ ಪ್ಲಗ್ ಅದಲುಬದಲು ಮಾಡಿ ನೋಡಿ. ಅದೂ ಅಲ್ಲದಿದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಅಲ್ಲಿಂದ ಮುಂದಿನದು ಮಿಸ್ತ್ರಿಯ ಕೆಲಸ.

ಐದನೆಯ ಹಂತ: ಟ್ರಿಮ್ ಅಂಕಿಯನ್ನು ಓದುವುದು

ಕಳ್ಳಗಾಳಿಯೋ ಸುಳ್ಳು ಕಾಂಟಾವೋ ಎಂದು ತೀರ್ಮಾನವಾಗುವುದು ಇಲ್ಲಿ. ಎಂಜಿನ್ ಬಿಸಿಯಾಗಿರಲಿ. ಸ್ಕ್ಯಾನರಿನಲ್ಲಿ ಶಾರ್ಟ್ ಟರ್ಮ್ (ಆ ಕ್ಷಣದ್ದು) ಮತ್ತು ಲಾಂಗ್ ಟರ್ಮ್ (ಕಂಪ್ಯೂಟರ್ ಕಲಿತಿಟ್ಟದ್ದು) ಎರಡೂ ಟ್ರಿಮ್‌ಗಳನ್ನು ತೆರೆದು ಕೂಡಿಸಿ. ಮೊತ್ತ ಶೂನ್ಯದಿಂದ ಆಚೀಚೆ ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಮೊದಲು ಐಡಲ್‌ನಲ್ಲಿ ಬರೆದುಕೊಳ್ಳಿ, ಆಮೇಲೆ ಯಾರಿಗಾದರೂ ಎಕ್ಸಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿಯಲು ಹೇಳಿ ಮತ್ತೆ ಬರೆದುಕೊಳ್ಳಿ.

ನನ್ನ ಗಾಡಿಯಲ್ಲಿ ಐಡಲ್‌ನಲ್ಲಿ ಮೊತ್ತ +19, 2500ರಲ್ಲಿ +6 ಬಂದಿತ್ತು. ಇದು ಕಳ್ಳಗಾಳಿಯ ಸಹಿ. ಸೀಳಿನಿಂದ ನುಗ್ಗುವ ಗಾಳಿ ಎಂಜಿನ್ ವೇಗದ ಜೊತೆ ಅಷ್ಟಾಗಿ ಬೆಳೆಯುವುದಿಲ್ಲ, ಬಾಗಿಲಿನಿಂದ ಬರುವ ಗಾಳಿ ಮಾತ್ರ ಹಲವು ಪಟ್ಟು ಹೆಚ್ಚುತ್ತದೆ. ದಿನಕ್ಕೆ ಹತ್ತು ಚೀಲ ಬರುವ ಗಂಜಿನಲ್ಲಿ ಗೋಡೆ ಹಾರಿ ಬಂದ ಎರಡು ಚೀಲ ದೊಡ್ಡ ವ್ಯತ್ಯಾಸ. ನೂರು ಚೀಲ ಬರುವ ದಿನ ಅದೇ ಎರಡು ಚೀಲ ಲೆಕ್ಕಕ್ಕೇ ಸಿಗುವುದಿಲ್ಲ.

ಕಾಂಟಾ ಸುಳ್ಳಾಡುತ್ತಿದ್ದರೆ ಚಿತ್ರ ತಿರುಗುಮುರುಗು. ಐಡಲ್‌ನಲ್ಲಿ ಮೊತ್ತ ಶೂನ್ಯದ ಹತ್ತಿರವೋ, ಕೆಲವೊಮ್ಮೆ ಅದಕ್ಕೂ ಕೆಳಗೋ ಇರುತ್ತದೆ. ವೇಗ ಮತ್ತು ಭಾರ ಹೆಚ್ಚಿದಂತೆ +12, +18 ಎಂದು ಏರುತ್ತ ಹೋಗುತ್ತದೆ. ತಂತಿಯ ಮೇಲೆ ಕೂತ ದೂಳು ಕಂಬಳಿ ಹೊದಿಸಿದಂತೆ ಕೆಲಸ ಮಾಡುತ್ತದೆ. ಜೋರು ಗಾಳಿ ಬಂದಾಗ ತಂತಿ ತಣ್ಣಗಾಗಬೇಕಾದಷ್ಟು ಆಗುವುದಿಲ್ಲ, ತೂಕ ಕಡಿಮೆ ತೋರುತ್ತದೆ. ಆದರೆ ದುರ್ಬಲ ಪೆಟ್ರೋಲ್ ಪಂಪ್, ಕಟ್ಟಿದ ಇಂಧನ ಫಿಲ್ಟರ್ ಕೂಡ ಇದೇ ಚಿತ್ರ ಕೊಡುತ್ತವೆ. ಇವೆರಡನ್ನು ಬೇರ್ಪಡಿಸಲು ಆರನೆಯ ಹಂತ ಬೇಕು.

ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಅದೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಈ ಮಿಶ್ರಣಕ್ಕೆ 14.7 ಬದಲು ಸುಮಾರು 13.5 ಗ್ರಾಂ ಗಾಳಿ. ಹಳೆಯ ಗಾಡಿಯಲ್ಲಿ ಎರಡೂ ವೇಗದಲ್ಲಿ ಸಮನಾಗಿ +5ರಿಂದ +8 ಕಂಡರೆ ಅದು ಪೆಟ್ರೋಲಿನದೇ ಪಾಲು ಇರಬಹುದು; ಅದಕ್ಕಾಗಿ ಸೆನ್ಸರ್ ಬದಲಿಸಲು ಹೊರಡಬೇಡಿ.

ಆರನೆಯ ಹಂತ: ಕಾಂಟಾವನ್ನೇ ಪರೀಕ್ಷಿಸುವುದು

ಮೊದಲು ತೂಕದ ಅಂಕಿ. ಸ್ಕ್ಯಾನರಿನಲ್ಲಿ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಎಂದು ಕಾಣುತ್ತದೆ. ಎಷ್ಟು ಬರಬೇಕು ಎನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ನನ್ನದು 1.8 ಲೀಟರ್ ಎಂಜಿನ್. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 750 ಆರ್‌ಪಿಎಂಗೆ ನಿಮಿಷಕ್ಕೆ 375 ಸಲ, ಅಂದರೆ 675 ಲೀಟರ್, ಸೆಕೆಂಡಿಗೆ 11 ಲೀಟರಿಗೆ ಸ್ವಲ್ಪ ಹೆಚ್ಚು. ಕಲಬುರಗಿಯ ಎತ್ತರದಲ್ಲಿ 43 ಡಿಗ್ರಿ ಬಿಸಿಲಿನಲ್ಲಿ ಒಂದು ಲೀಟರ್ ಗಾಳಿ ಸುಮಾರು 1.06 ಗ್ರಾಂ ತೂಗುತ್ತದೆ. ಜನವರಿಯ 15 ಡಿಗ್ರಿ ಮುಂಜಾವಿನಲ್ಲಿ 1.16 ಗ್ರಾಂ. ಬೇಸಿಗೆಯ ಲೆಕ್ಕ ಹಿಡಿದರೆ ಸೆಕೆಂಡಿಗೆ ಸುಮಾರು 12 ಗ್ರಾಂ. ಆದರೆ ಐಡಲ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಸಿಲಿಂಡರ್ ಸುಮಾರು ಕಾಲು ಭಾಗ ಮಾತ್ರ ತುಂಬುತ್ತದೆ. ಉಳಿಯುವುದು 3 ಗ್ರಾಂ. ಸ್ಕ್ಯಾನರ್ 2.3ರಿಂದ 3.5 ತೋರಿಸಿದರೆ ಒಪ್ಪಬಹುದು, 1.2 ತೋರಿಸಿದರೆ ಅರ್ಧಕ್ಕಿಂತ ಹೆಚ್ಚು ಗಾಳಿ ಲೆಕ್ಕ ತಪ್ಪಿದೆ.

ನಿಜವಾದ ಪರೀಕ್ಷೆ ಪೂರ್ತಿ ಭಾರದಲ್ಲಿ. ದಟ್ಟಣೆಯಿಲ್ಲದ ರಸ್ತೆಯಲ್ಲಿ ಇನ್ನೊಬ್ಬರು ಮೊಬೈಲ್ ನೋಡುತ್ತಿರಲಿ, ನೀವು ರಸ್ತೆ ನೋಡಿ. ಎರಡನೆಯ ಗೇರಿನಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿ 4000 ಆರ್‌ಪಿಎಂ ದಾಟಿಸಿ. ಅದೇ ಲೆಕ್ಕದಲ್ಲಿ 1.8 ಲೀಟರಿಗೆ ಸೆಕೆಂಡಿಗೆ 60 ಲೀಟರ್, ಸುಮಾರು 64 ಗ್ರಾಂ. ಸಿಲಿಂಡರ್ ನೂರಕ್ಕೆ 80ರಿಂದ 85 ತುಂಬಿದರೂ 50ರ ಮೇಲೆ ಬರಬೇಕು. 35ಕ್ಕೇ ನಿಂತು, ಐದನೆಯ ಹಂತದಲ್ಲಿ ವೇಗದೊಂದಿಗೆ ಟ್ರಿಮ್ ಏರಿದ್ದರೆ ಕಾಂಟಾ ಸುಳ್ಳಾಡುತ್ತಿದೆ. ಟ್ರಿಮ್ ಹಾಗೆ ಏರಿದ್ದೂ ಇಲ್ಲಿ 52 ಬಂದರೆ ಗಾಳಿಯ ತೂಕ ಸರಿಯಿದೆ, ಪೆಟ್ರೋಲ್ ಬರುತ್ತಿಲ್ಲ. ಪಂಪಿನ ಒತ್ತಡ ನೋಡಿಸಿ.

ಈಗ ಮಲ್ಟಿಮೀಟರ್. ಹೊಸ ಸೆನ್ಸರ್ ಕೊಳ್ಳುವ ಮುನ್ನ ಈ ಹತ್ತು ನಿಮಿಷ ಕೊಡಲೇಬೇಕು, ಏಕೆಂದರೆ ತಂತಿ ಕಡಿದಿದ್ದರೆ ಹೊಸ ಸೆನ್ಸರೂ ಸತ್ತಂತೆಯೇ ವರ್ತಿಸುತ್ತದೆ. ಯಾವ ತಂತಿ ಯಾವುದು ಎನ್ನುವುದನ್ನು ನಿಮ್ಮ ಗಾಡಿಯ ವೈರಿಂಗ್ ನಕ್ಷೆಯಲ್ಲಿ ನೋಡಿಕೊಳ್ಳಿ. ಪ್ಲಗ್ ಹಾಕಿದ್ದಂತೆಯೇ ಅದರ ಹಿಂಬದಿಯಿಂದ, ತಂತಿಯ ಪಕ್ಕದಲ್ಲಿ ಗುಂಡುಸೂಜಿ ಜಾರಿಸಿ ಲೋಹ ಮುಟ್ಟಿಸಿ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಚುಚ್ಚಬೇಡಿ, ಮುಂದಿನ ಮಳೆಗಾಲಕ್ಕೆ ಅಲ್ಲೇ ಕಿಲುಬು ಹಿಡಿಯುತ್ತದೆ. ಎರಡು ಸೂಜಿಗಳು ಒಂದಕ್ಕೊಂದು ತಾಗಬಾರದು.

ಕೀ ತಿರುಗಿಸಿ. ಸರಬರಾಜಿನ ತಂತಿಯಲ್ಲಿ ಬ್ಯಾಟರಿಯಷ್ಟೇ, 12 ವೋಲ್ಟ್ ಆಸುಪಾಸು ಇರಬೇಕು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಸೆನ್ಸರಿನ ಅರ್ಥ್ ತಂತಿಗೆ ಹಿಡಿದು ಎಂಜಿನ್ ಓಡಿಸಿ ನೋಡಿ, 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ಥ್ ಸಡಿಲವಾಗಿದೆ. ಆಮೇಲೆ ಸಂಕೇತದ ತಂತಿ. ಹಲವು ಗಾಡಿಗಳಲ್ಲಿ ಎಂಜಿನ್ ಓಡದೆ ಕೀ ಮಾತ್ರ ಇದ್ದಾಗ 0.5ರಿಂದ 1 ವೋಲ್ಟ್, ಐಡಲ್‌ನಲ್ಲಿ 1ರಿಂದ 1.7 ವೋಲ್ಟ್ ಬರುತ್ತದೆ. ಎಕ್ಸಲರೇಟರನ್ನು ಒಮ್ಮೆ ಜೋರಾಗಿ ಒತ್ತಿ ಬಿಟ್ಟರೆ ಕ್ಷಣದಲ್ಲಿ 3 ವೋಲ್ಟ್ ದಾಟಬೇಕು, ಮಧ್ಯೆ ತಡವರಿಸಬಾರದು. ಕೆಲವು ಸೆನ್ಸರುಗಳು ವೋಲ್ಟ್ ಬದಲು ಆವರ್ತನ ಕಳಿಸುತ್ತವೆ. ಅವಕ್ಕೆ ಮೀಟರನ್ನು ಹರ್ಟ್ಸ್‌ಗೆ ತಿರುಗಿಸಿ, ವೇಗದೊಂದಿಗೆ ಅಂಕಿ ಸರಾಗವಾಗಿ ಬದಲಾಗುತ್ತದೆಯೇ ನೋಡಿ. ಐಡಲ್‌ನಲ್ಲಿರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರನ್ನು ಮೆಲ್ಲಗೆ ತಟ್ಟಿ, ತಂತಿಗಳನ್ನು ಅಲುಗಾಡಿಸಿ. ಅಂಕಿ ಹಾರಿದರೆ ಅಥವಾ ಎಂಜಿನ್ ಒದೆದರೆ ದೋಷ ಒಳಗಿನ ಬೆಸುಗೆಯಲ್ಲೋ ಪ್ಲಗ್ಗಿನ ಪಿನ್ನಿನಲ್ಲೋ ಇದೆ. ಸೆನ್ಸರ್ ತುದಿಗಳ ನಡುವೆ ಓಮ್ ಅಳೆಯಲು ಹೋಗಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ ಮತ್ತು ಒಳಗಿನ ಸರ್ಕ್ಯೂಟಿಗೆ ಹಾನಿಯಾಗಬಹುದು.

ಸೆನ್ಸರಿನ ಪ್ಲಗ್ ಕಿತ್ತು ನೋಡುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಪ್ಲಗ್ ತೆಗೆದಾಗ ಕಂಪ್ಯೂಟರ್ ಥ್ರಾಟಲ್ ಮತ್ತು ಆರ್‌ಪಿಎಂ ನೋಡಿ ಅಂದಾಜಿನ ಲೆಕ್ಕಕ್ಕೆ ಇಳಿಯುತ್ತದೆ. ಆಗ ಐಡಲ್ ಸ್ಪಷ್ಟವಾಗಿ ಸುಧಾರಿಸಿದರೆ ಸೆನ್ಸರಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಆದರೆ ಕೆಲವು ಗಾಡಿಗಳು ಪ್ಲಗ್ ತೆಗೆದರೆ ಆರಿಯೇ ಹೋಗುತ್ತವೆ, ಅದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಎಂಜಿನ್ ಆರಿಸಿಯೇ ಪ್ಲಗ್ ತೆಗೆಯಿರಿ, ದೋಷಸಂಕೇತ ದಾಖಲಾಗುತ್ತದೆ ಎನ್ನುವುದು ನೆನಪಿರಲಿ.

ಇದೇ ಸೆನ್ಸರಿನೊಳಗೆ ಗಾಳಿಯ ಬಿಸಿ ಅಳೆಯುವ ಇನ್ನೊಂದು ಪುಟ್ಟ ಭಾಗವೂ ಹೆಚ್ಚಾಗಿ ಇರುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಚಾಲೂ ಮಾಡುವ ಮೊದಲು ಗಾಳಿಯ ಬಿಸಿ ಮತ್ತು ಕೂಲೆಂಟ್ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 24, ಇನ್ನೊಂದು ಮೈನಸ್ 40 ಎಂದರೆ ಅಲ್ಲಿ ತಂತಿ ಕಡಿದಿದೆ.

ಏಳನೆಯ ಹಂತ: ತೊಳೆಯುವುದು

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನಮ್ಮ ಸಂಬಂಧಿಕರ ಗಾಡಿಯ ಸೆನ್ಸರ್ ಬಿಚ್ಚಿದಾಗ ಕಂಡದ್ದನ್ನು ಮರೆಯಲಾರೆ. ಹತ್ತಿ ಬಿಡಿಸುವ ಕಾಲ. ಆ ಸೂಕ್ಷ್ಮ ತಂತಿಗೆ ಒಂದೇ ಒಂದು ಹತ್ತಿಯ ಎಳೆ ಸುತ್ತಿಕೊಂಡು, ಅದರ ಮೇಲೆ ಕೆಂಗಪ್ಪು ದೂಳು ಕೂತು, ಸಣ್ಣ ಮರಿಹುಳದಂತೆ ದಪ್ಪವಾಗಿತ್ತು. ಟಾರ್ಚ್ ಬೆಳಕಿಲ್ಲದಿದ್ದರೆ ಕಾಣುತ್ತಲೇ ಇರಲಿಲ್ಲ. ತೊಳೆದ ಮೇಲೆ ಅದೇ ಸೆನ್ಸರ್ ಪೂರ್ತಿ ಭಾರದಲ್ಲಿ ಸರಿಯಾದ ತೂಕ ತೋರಿಸಿತು.

ಎಂಜಿನ್ ಆರಿಸಿ, ಅರ್ಧ ಗಂಟೆ ತಣ್ಣಗಾಗಲಿ. ಪ್ಲಗ್ ತೆಗೆದು ಸ್ಕ್ರೂ ಬಿಚ್ಚಿ. ನಕ್ಷತ್ರದಾಕಾರದ ಸ್ಕ್ರೂ ಇದ್ದರೆ ಅದಕ್ಕೆ ತಕ್ಕ ಬಿಟ್ ಬಳಸಿ, ಇಕ್ಕಳದಿಂದ ತಿರುಚಬೇಡಿ. ಸೆನ್ಸರನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಏರ್‌ಫ್ಲೋ ಸೆನ್ಸರಿಗೆಂದೇ ಇರುವ ಸ್ಪ್ರೇ ಮಾತ್ರ ಬಳಸಿ. ಕಾರ್ಬ್ಯುರೇಟರ್ ಸ್ಪ್ರೇ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಜಿಡ್ಡನ್ನೂ ಬಿಟ್ಟುಹೋಗಬಹುದು. ನಾಲ್ಕೈದು ಇಂಚು ದೂರದಿಂದ ಹತ್ತು ಹದಿನೈದು ಸಲ, ಎಲ್ಲ ಬದಿಯಿಂದ ಸಿಂಪಡಿಸಿ. ಬ್ರಷ್, ಬಟ್ಟೆ, ಕಿವಿಕಡ್ಡಿ, ಬೆರಳು ಯಾವುದೂ ತಂತಿಗೆ ತಾಗಬಾರದು. ಕಂಪ್ರೆಸರ್ ಗಾಳಿ ಬಿಟ್ಟರೆ ತಂತಿ ಹರಿದುಹೋಗುತ್ತದೆ. ನೆರಳಿನಲ್ಲಿ ಅರ್ಧ ಗಂಟೆ ತಾನಾಗಿ ಒಣಗಲಿ. ಸುತ್ತಲಿನ ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ, ಬಾಣದ ಗುರುತು ಎಂಜಿನ್ ಕಡೆಗಿದೆಯೇ ನೋಡಿ ಜೋಡಿಸಿ.

ತೊಳೆದ ಮೇಲೂ ತೂಕ ಕಡಿಮೆಯೇ ಬಂದರೆ ಮಾತ್ರ ಹೊಸದು. ಹಳೆಯದರ ಮೇಲಿರುವ ಭಾಗಸಂಖ್ಯೆಯನ್ನು ಅಕ್ಷರ ಬಿಡದೆ ಹೊಂದಿಸಿ ಕೊಳ್ಳಿ. ನೋಡಲು ಒಂದೇ ರೀತಿಯಿದ್ದು ಪ್ಲಗ್ ಕೂಡ ಕೂರುವ ಬೇರೆ ಮಾದರಿಯ ಸೆನ್ಸರ್ ಬೇರೆಯದೇ ಲೆಕ್ಕ ಹೇಳುತ್ತದೆ, ಏಕೆಂದರೆ ಪ್ರತಿಯೊಂದನ್ನೂ ಅದು ಕೂರುವ ಕೊಳವೆಯ ಅಗಲಕ್ಕೆ ಹೊಂದಿಸಿರುತ್ತಾರೆ. ನಕಲಿ ಮಾಲು ಹೇರಳವಾಗಿದೆ. ಅಂಗಡಿಯವರಿಂದ ಬಿಲ್ಲು ಪಡೆಯಿರಿ.

ಜೋಡಿಸಿದ ಮೇಲೆ

ಈಗ ದೋಷಸಂಕೇತ ಅಳಿಸಿ, ಟ್ರಿಮ್ ಮರುಹೊಂದಿಸಿ. ಎಂಜಿನ್ ಬಿಸಿಯಾದ ಮೇಲೆ ಹತ್ತು ನಿಮಿಷ ಎಸಿ ಇಲ್ಲದೆ, ಆಮೇಲೆ ಐದು ನಿಮಿಷ ಎಸಿ ಹಾಕಿ ಐಡಲ್‌ನಲ್ಲಿ ಬಿಡಿ. ಥ್ರಾಟಲ್ ಬಾಡಿಯನ್ನೂ ತೊಳೆದಿದ್ದರೆ ಮೊದಲ ದಿನ ಐಡಲ್ ಸ್ವಲ್ಪ ಎತ್ತರದಲ್ಲಿ ನಿಲ್ಲುವುದು ಸಹಜ, ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಮೂಲಕವೇ ಹೊಸದಾಗಿ ಕಲಿಸಬೇಕಾಗುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಕೀ ತಿರುಗಿಸಿರುವಾಗ ಬೆರಳಿನಿಂದ ತಳ್ಳಬೇಡಿ.

ನಂತರ ಸೇಡಂ ರಸ್ತೆಯಲ್ಲೋ ಹುಮನಾಬಾದ್ ರಸ್ತೆಯಲ್ಲೋ ಇಪ್ಪತ್ತು ಮೂವತ್ತು ಕಿಲೊಮೀಟರ್, ಊರೊಳಗೆ ಸ್ವಲ್ಪ, ಹೆದ್ದಾರಿಯಲ್ಲಿ ಸ್ವಲ್ಪ ಓಡಿಸಿ, ಬಂದು ಟ್ರಿಮ್ ಮತ್ತೆ ನೋಡಿ. ಕೊಳವೆ ಬದಲಿಸಿದ ಮೇಲೆ ನನ್ನ ಗಾಡಿಯಲ್ಲಿ ಐಡಲ್‌ನಲ್ಲಿ +4, 2500ರಲ್ಲಿ +3 ಬಂತು. ಐಡಲ್ ಗಾಳಿ 2.9 ಗ್ರಾಂ, ಸಂಕೇತ 1.3 ವೋಲ್ಟ್. ಈ ನಾಲ್ಕು ಅಂಕಿಗಳನ್ನು ತಾರೀಖಿನ ಸಮೇತ ಸರ್ವಿಸ್ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ. ಪ್ರತಿ ಸುಗ್ಗಿ ಮುಗಿದು ಫಿಲ್ಟರ್ ಬದಲಿಸಿದಾಗ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ.